ಹಸಿರು ಕಂಡದ್ದನ್ನೆಲ್ಲ ಕೀಳಿರಿ!

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಸೋತದ್ದಿಲ್ಲ. ಇದು ಜಂಭವಲ್ಲ, ವರದಿ. "ಯಂತ್ರ ಮನುಷ್ಯನ ಮಿತ್ರ" ಎಂಬ ಪಕ್ಷದಲ್ಲಿ ನಿಲ್ಲಿಸಿದರೆ ಗೆದ್ದೆ. ಮರುವಾರ "ಯಂತ್ರ ಮನುಷ್ಯನ ಶತ್ರು" ಎಂಬ ಪಕ್ಷದಲ್ಲಿ ನಿಲ್ಲಿಸಿದರು, ಅದನ್ನೂ ಗೆದ್ದೆ. ದೇವರು, ದೆವ್ವ, ಪಂಚಾಂಗ, ಪ್ರಿನ್ಸಿಪಾಲರು, ಇವರಲ್ಲಿ ಯಾರನ್ನೂ ಸಾಕ್ಷಿ ಕೇಳದೆ ನಂಬುವುದಿಲ್ಲವೆಂಬುದು ನನ್ನ ವ್ರತ. ಇಂಥ ಮನುಷ್ಯ ಬಿ.ಎ. ಪರೀಕ್ಷೆ ಮುಗಿಸಿ, ಯುದ್ಧಕಾಲದ ಇದ್ದಿಲು ಮೋಟಾರಿನಲ್ಲಿ ಕುಳಿತು, ಏರು ಬಂದಲ್ಲೆಲ್ಲ ಇಳಿದು ಅದನ್ನು ತಳ್ಳಿ, ಅಕ್ಕಿಆಲೂರಿನ ಸಮೀಪದ ತನ್ನ ಹಳ್ಳಿಗೆ ಬಂದಿಳಿದರೆ, ಅಲ್ಲಿಯ ಹುಲ್ಲು ಅವನೆದುರು ನಿಂತೀತೇ?

ನಿಂತಿತು. ಇವತ್ತಿಗೂ ನಿಂತಿದೆ. ನನಗೇ ಈಗ ನಿಲ್ಲಲು ಆಗುತ್ತಿಲ್ಲ, ಸೊಂಟ ನೋಯುತ್ತದೆ.

ನಮ್ಮ ಭಾಗದ ಗದ್ದೆಗಳಲ್ಲಿ ಕಾಡುಭತ್ತವೆಂಬ ಒಂದು ಕಳೆ ಇದೆ. ಅದು ಹುಟ್ಟುವುದು ಭತ್ತದಂತೆ, ಬೆಳೆಯುವುದು ಭತ್ತದಂತೆ, ಗಾಳಿಗೆ ತೂಗುವುದೂ ಭತ್ತದಂತೆಯೇ. ಮನೆಗೆ ಬಂದು ಅಳಿಯನಂತೆ ಉಂಡು ತೇಗಿದ ಮೇಲೆ, ಇವನು ನಮ್ಮ ಅಳಿಯನೇ ಅಲ್ಲವೆಂದು ತಿಳಿದರೆ ಹೇಗಾಗಬೇಡ! ಊರಿಗೆ ಬಂದ ಮಾರನೆಯ ದಿನವೇ ನಾನು ಅಪ್ಪನನ್ನು ವಿಚಾರಣೆಗೆ ಒಳಪಡಿಸಿದೆ.

"ಅಪ್ಪಾ, ವರ್ಷಾ ಕಳಿ ತಗಸ್ತೀರಿ. ಆದ್ರೂ ಕಾಡಭತ್ತ ಹೆಂಗ ಉಳಿತೈತಿ?"

ಅಪ್ಪ ಕೂರಿಗೆಯ ಹಗ್ಗ ಬಿಗಿಯುತ್ತಿದ್ದರು. "ಎಡಿಕುಂಟಿ ಹೊಡದ್ರ ಸಾಲಿನ ನಡುವಿಂದು ಹೋಕ್ಕೈತಿ. ಸಾಲಿನ್ಯಾಗ ಹುಟ್ಟಿದ್ದು ಭತ್ತದ ಕೂಡ ಹೆಗಲ ಮ್ಯಾಲ ಕೈ ಹಾಕ್ಕೊಂಡು ನಿಂತಿರತೈತಿ. ಯಾವ ಮಗಗ ಗೊತ್ತಾಕ್ಕೈತಿ? ತೆನಿ ಬಂದ ಮ್ಯಾಲ ಗೊತ್ತಾಗೋದು. ಅಷ್ಟೊತ್ತಿಗೆ ಕಾಳು ಉದರಸಿ, ಮುಂದಿನ ವರ್ಷದ ಬಿತ್ತಗಿ ಅದ ಮಾಡ್ಕೊಂಡಿರತೈತಿ."

"ಹಂಗಾರ ಭತ್ತದ ಬಣ್ಣಾನ ಬದಲ ಮಾಡಿದ್ರ?"

ಎತ್ತು ಇದ್ದಕ್ಕಿದ್ದಂತೆ ಚಹಾ ಕೇಳಿದರೆ ನೋಡುವ ಹಾಗೆ ಅಪ್ಪ ನನ್ನನ್ನು ನೋಡಿದರು.

ನನ್ನ ಬಳಿ ಸಾಕ್ಷಿ ಇತ್ತು. ಗೆಳೆಯನೊಬ್ಬನ ಸೋದರಮಾವ ಸರ್ಕಾರಿ ಬೀಜದ ಫಾರ್ಮಿನಲ್ಲಿದ್ದರು. ಎಲೆಯೆಲ್ಲ ನೇರಳೆ ಬಣ್ಣ ಬರುವ ಒಂದು ಭತ್ತದ ತಳಿ ಅಲ್ಲಿತ್ತು. ಅದನ್ನು ಬಿತ್ತಿದರೆ ಪೈರು ಬದನೆಕಾಯಿಯಂತೆ ಕಪ್ಪಗೆ ಏಳುತ್ತದೆ, ಕಾಡುಭತ್ತ ಮಾತ್ರ ಹಸಿರಾಗಿಯೇ ಇರುತ್ತದೆ. ಕಳ್ಳರೆಲ್ಲ ಹಸಿರು ಅಂಗಿ ತೊಟ್ಟು ಬಂದಂತೆ! ಹಸಿರು ಕಂಡದ್ದನ್ನೆಲ್ಲ ಕಿತ್ತರೆ ಆಯಿತು. ಆ ಬೀಜದ ಒಂದು ಚೀಲವನ್ನು ನಾನು ಟ್ರಂಕಿನ ಜೊತೆಯಲ್ಲೇ ಹೊತ್ತು ತಂದಿದ್ದೆ.

ಅವ್ವನಿಗೆ ಈ ಬಣ್ಣದ ಸುದ್ದಿ ಸೇರಲಿಲ್ಲ. "ಕರಿ ಬೆಳಿ ಹೊಲದಾಗ ನಿಂದರಸ್ತಿ? ದಾರಿ ಹಿಡದು ಹೋಗಾವರು ಸುಟ್ಟೈತಿ ಅಂದಾರು" ಎಂದಳು. ನಾನು ಉತ್ತರಿಸಿದೆ. ಮೊದಲು ಬಣ್ಣಕ್ಕೂ ಶಕುನಕ್ಕೂ ಸಂಬಂಧವಿಲ್ಲವೆಂದು ಸ್ಥಾಪಿಸಿದೆ. ಆಮೇಲೆ ಕಾಡಿಗೆ, ಕರಿಮಣಿ, ಕರಿಎಮ್ಮೆ ಇವೆಲ್ಲ ಕಪ್ಪಾಗಿದ್ದೂ ಮನೆಯಲ್ಲಿ ಮರ್ಯಾದೆಯಿಂದಿರುವುದನ್ನು ತೋರಿಸಿದೆ. ದಾರಿಹೋಕರ ಅಭಿಪ್ರಾಯವನ್ನು ತಳಿಯ ಗುಣಕ್ಕೆ ಸಾಕ್ಷಿಯೆಂದು ಹಿಡಿಯಬಹುದೇ ಎಂದು ಕೇಳುವ ಹೊತ್ತಿಗೆ ರೊಟ್ಟಿ ಸುಡತೊಡಗಿತ್ತು. ಅವ್ವ "ಆತಪಾ, ನಿನ್ನ ಮಾತ ಖರೆ. ಉಣ್ಣು" ಎಂದಳು. ಅಪ್ಪನೂ ತಲೆಯಾಡಿಸಿದರು.

ಗೆದ್ದೆ! ಎರಡೂ ಮತ ನನಗೇ ಬಿದ್ದವು.

ಬಿತ್ತನೆಯ ಹೊತ್ತಿಗೆ ನಾನು ಊರಲ್ಲಿರಲಿಲ್ಲ. ಫಲಿತಾಂಶ ನೋಡಿ ಬರುತ್ತೇನೆಂದು ಧಾರವಾಡಕ್ಕೆ ಹೋದವನು, ಹಳೆಯ ಗೆಳೆಯರ ಚರ್ಚಾಕೂಟದಲ್ಲಿ ಸಿಕ್ಕಿಬಿದ್ದೆ. ಗೆದ್ದವನನ್ನು ಯಾರು ಬೇಗ ಬಿಡುತ್ತಾರೆ! ನಾನು ತಿರುಗಿ ಬಂದಾಗ ಮಳೆ ಹಿಡಿದಿತ್ತು, ಪೈರು ಮೊಣಕಾಲಿನ ಹತ್ತಿರಕ್ಕೆ ಬಂದಿತ್ತು. ಮನೆಯಲ್ಲಿ ಒಂದು ಸುದ್ದಿಯೂ ಕಾದಿತ್ತು.

ಚಿಕ್ಕೇರೂರಿನ ಚೆನ್ನಬಸಪ್ಪನವರು ತಮ್ಮ ಮಗಳು ಗಿರಿಜೆಯನ್ನು ನನಗೆ ಕೊಡುವ ಮಾತೆತ್ತಿದ್ದರು.

ಇಲ್ಲಿ ನನ್ನ ಸಂಶಯವಾದಕ್ಕೆ ಒಂದು ವಿರಾಮ ಕೊಡಬೇಕು. ಗಿರಿಜೆಯನ್ನು ನಾನು ನೋಡಿದ್ದೆ. ಹಿರೇಕೆರೂರಿನ ಒಂದು ಮದುವೆಯಲ್ಲಿ ಅವಳು ಹೋಳಿಗೆ ಬಡಿಸುತ್ತ ಬಂದಿದ್ದಳು. ನಾನು ಸಾಕೆಂದೆ. ಅವಳು ಹಾಕಿದಳು. ನಾನು, ಸಾಕೆಂದ ಮೇಲೆ ಬಡಿಸುವುದು ತರ್ಕಕ್ಕೆ ನಿಲ್ಲುವುದಿಲ್ಲವೆಂದು ಆರಂಭಿಸಿದೆ. ಅವಳು ಇನ್ನೊಂದು ಹಾಕಿ ಮುಂದಿನ ಎಲೆಗೆ ನಡೆದಳು. ನನ್ನ ವಾದಕ್ಕೆ ಅಷ್ಟು ಚಿಕ್ಕ ಉತ್ತರವನ್ನು ಯಾವ ಪ್ರತಿಪಕ್ಷದವನೂ ಕೊಟ್ಟಿರಲಿಲ್ಲ. ಬಡಿಸುವವರು ಎಲೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಅವಳಿಗೆ ನನ್ನ ಗುರುತೇ ಇರಲಿಕ್ಕಿಲ್ಲ. ನಾನು ಮಾತ್ರ ಆ ಎರಡು ಹೋಳಿಗೆಗಳನ್ನು ಮರೆಯಲಾರದೆ ಧಾರವಾಡದಲ್ಲಿ ಒಂದಿಡೀ ಚಳಿಗಾಲ ಕಳೆದಿದ್ದೆ. ಈ ಸಂಬಂಧ ಕೂಡದಿದ್ದರೆ ಉಳಿದ ಆಯುಷ್ಯವನ್ನು ಸಾಕ್ಷಿ ಕೇಳುವುದರಲ್ಲೇ ಕಳೆಯಬೇಕಾದೀತೆಂದು ನನಗೆ ನಿಜಕ್ಕೂ ಭಯವಾಗಿತ್ತು.

ಆದರೆ ಚೆನ್ನಬಸಪ್ಪನವರು ಜಾತಕ ನೋಡುವವರಲ್ಲ. ಅವರು ಹೊಲ ನೋಡುವವರು. ಹುಡುಗನ ಮನೆಯ ಹೊಲಕ್ಕೆ ಬಂದು, ಬದುವಿನ ಮೇಲೆ ಒಂದು ಸುತ್ತು ಹಾಕಿ, ಕಳೆ ಎಷ್ಟಿದೆ ನೋಡಿ, ಆಮೇಲೆ ಹೆಣ್ಣು ಕೊಡುವುದೋ ಬಿಡುವುದೋ ಹೇಳುತ್ತಿದ್ದರಂತೆ. "ಹೊಲದಾಗ ಕಸ ಇಟ್ಟಾವ ಮನ್ಯಾಗೂ ಇಡತಾನ" ಎಂಬುದು ಅವರ ಲೆಕ್ಕ. ಹಿರಿಯ ಮಗಳಿಗೆ ಬಂದ ಒಬ್ಬ ವರನನ್ನು ಬರೀ ಒಂದು ಹಿಡಿ ಜೇಕಿನ ಹುಲ್ಲಿಗಾಗಿ ತಿರುಗಿಸಿ ಕಳಿಸಿದ್ದರಂತೆ.

"ಬರೂ ಸೋಮವಾರದ ಆಸುಪಾಸು ಬರ್ತಾರಂತ" ಎಂದರು ಅಪ್ಪ. "ಅಷ್ಟರಾಗ ಕಳಿ ಆಗಬೇಕು. ಮುಯ್ಯಾಳಿನ್ಯಾಗ ನಾಡಿದ್ದು ನಮ್ಮ ಪಾಳಿ ಐತಿ."

ಮುಯ್ಯಾಳು ಎಂದರೆ ನಮ್ಮಲ್ಲಿ ಆಳಿಗೆ ಆಳು. ಇಂದು ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಬಂದು ಕಳೆ ತೆಗೆದರೆ, ನಾಳೆ ನಮ್ಮ ಮನೆಯವರು ನಿಮ್ಮ ಹೊಲಕ್ಕೆ ಬರಬೇಕು. ಕೂಲಿ ಕೊಟ್ಟು ತೀರಿಸುವ ಮಾತಿಲ್ಲ. ಆಳನ್ನು ಆಳೇ ತೀರಿಸಬೇಕು, ಅದೂ ಮನೆಯ ಆಳೇ. ಮುಯ್ಯಿ ತಪ್ಪಿಸಿದ ಮನೆಗೆ ಮುಂದಿನ ವರ್ಷ ಯಾರೂ ಕಾಲಿಡುವುದಿಲ್ಲ.

ಅಷ್ಟರಲ್ಲಿ ಶಿಗ್ಗಾಂವಿಯಿಂದ ಅಕ್ಕನಿಗೆ ಹೆರಿಗೆ ಬೇನೆ ಎದ್ದ ಸುದ್ದಿ ಬಂತು. ಅವ್ವ ಗಡಬಡಿಸಿ ಹೊರಟಳು. ಚಕ್ಕಡಿ ಹತ್ತುವಾಗ ಏನೋ ಹೇಳಲು ಬಾಯಿ ತೆರೆದಳು.

"ಶಂಕ್ರಪ್ಪಾ, ಆ ದಾರಿ ಕಡಿ ಹೊಲದ ಮಾತು..."

"ಅವ್ವಾ, ಹೊಲದ ವಿಷಯ ನನಗ ಬಿಡು. ಅದರ ಸಿದ್ಧಾಂತ ಭಾಳ ಸರಳ ಐತಿ. ಮೊದಲನೇದು..."

"ಆತು, ಆತು" ಎಂದು ಅವ್ವ ಚಕ್ಕಡಿಯವನಿಗೆ ಹೊಡೆಯಲು ಹೇಳಿದಳು. ಸಿದ್ಧಾಂತದ ಎರಡನೆಯ ಭಾಗ ಧೂಳಿನಲ್ಲಿ ಉಳಿಯಿತು.

ಅಪ್ಪನೂ ಕಳೆಯ ದಿನ ಬೆಳಿಗ್ಗೆ ಸವಣೂರಿಗೆ ಹೊರಟರು. ಬೀಗರಾಗುವವರಿಗೆ ಸವಣೂರಿನ ವೀಳ್ಯದೆಲೆ, ಸವಣೂರಿನ ಕುರುಕಲು ಖಾರಾ ಇಲ್ಲದೆ ಉಪಚಾರವೇ? "ಫಕ್ಕೀರವ್ವ ಎಲ್ಲಾ ನೋಡ್ಕೋತಾಳ. ನೀ ಬದುವಿನ ಮ್ಯಾಲ ಕುಂದರು. ಸುಮ್ನ ಕುಂದರು" ಎಂದರು. ಈ ಸೂಚನೆಯ ಮೊದಲರ್ಧವನ್ನು ನಾನು ಪಾಲಿಸಿದೆ.

ಹೊಲಕ್ಕೆ ಹೋಗಿ ನೋಡಿದೆ. ಹಳ್ಳದ ಕಡೆಯ ಅರ್ಧ ಹೊಲ ನೇರಳೆ ಬಣ್ಣದಲ್ಲಿ ನಳನಳಿಸುತ್ತಿತ್ತು. ದಾರಿಯ ಕಡೆಯ ಅರ್ಧ ಹಸಿರು! ಶುದ್ಧ ಹಸಿರು! ಒಂದು ನೇರಳೆ ಎಲೆಯೂ ಇಲ್ಲ. ಕಾಡುಭತ್ತ ಅರ್ಧ ಹೊಲವನ್ನೇ ನುಂಗಿ, ಬೀಗರು ಬರುವ ದಾರಿಗೆ ಮುಖ ಮಾಡಿ ಹಲ್ಲು ಕಿರಿಯುತ್ತ ನಿಂತಿತ್ತು.

ಹೆಣ್ಣುಮಕ್ಕಳು ಗೋಣಿಚೀಲದ ಕೊಪ್ಪೆ ತಲೆಗೇರಿಸಿ, ಕಳೆ ತೆಗೆಯುವ ಕುರ್ಚಿಗಿ ಹಿಡಿದು ಬಂದರು. ಮುಂದಾಳು ಫಕ್ಕೀರವ್ವ. ಅವಳ ಬಾಯಿಗೆ ನಮ್ಮೂರಿನ ಶಾನುಭೋಗರೂ ಹೆದರುತ್ತಿದ್ದರು. ನಾನು ಬದುವಿನ ಮೇಲೆ ಎದ್ದುನಿಂತು ಭಾಷಣ ಮಾಡಿದೆ. ಸಭೆ ಕೆಸರಿನಲ್ಲಿ ನಿಂತೇ ಕೇಳಿತು.

"ನಿಯಮ ಒಂದ ಐತಿ. ಹಸಿರು ಕಂಡದ್ದನ್ನೆಲ್ಲ ಕೀಳ್ರಿ. ಕಪ್ಪು ಕಂಡದ್ದನ್ನ ಬಿಡ್ರಿ."

ಫಕ್ಕೀರವ್ವ ದಾರಿಯ ಕಡೆ ಕೈ ತೋರಿಸಿದಳು. "ತಮ್ಮಾ, ಅಲ್ಲಿ ಎಲ್ಲಾ ಹಸರ ಐತಲ್ಲೋ?"

"ಎಲ್ಲಾ ಕೀಳ್ರಿ."

"ಅರ್ಧಾ ಹೊಲಾ?"

"ಕಳಿ ಅರ್ಧಾ ಹೊಲ ಇದ್ರ ಅರ್ಧಾ ಹೊಲ ಕೀಳಬೇಕಾಕ್ಕೈತಿ ಅತ್ತಿ. ಕಳ್ಳರು ಹೆಚ್ಚಾದ್ರಂತ ಅವರನ್ನ ಊರಾಗ ಇಟಗೋತೀರೇನು?"

ಹಿಂದಿನಿಂದ ದ್ಯಾಮವ್ವ ಎಂದಳು: "ಕಾಡಭತ್ತ ಹಿಂಗ ಸಾಲ ಹಿಡದು, ಕೂರಗೀಲೆ ಬಿತ್ತಿದಂಗ ಹುಟ್ಟತೈತೇನ್ರಿ?"

ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ ಬಂದಾಗ ನನಗೆ ಹುರುಪು ಬರುತ್ತದೆ, ನನ್ನ ಅನರ್ಥಗಳಿಗೆಲ್ಲ ಮೂಲ ಅದೇ. ಕೂರಿಗೆ ಎಳೆದ ಗೆರೆಯಲ್ಲಿ ಮಣ್ಣು ಸಡಿಲಾಗುತ್ತದೆ, ಸಡಿಲಾದ ಮಣ್ಣಿನಲ್ಲಿ ಯಾವ ಬೀಜವೂ ಬೇಗ ಮೊಳೆಯುತ್ತದೆ, ನಡುವಿನದನ್ನು ಎಡಿಕುಂಟಿ ಹೊತ್ತೊಯ್ದಿದೆ, ಆದ್ದರಿಂದ ಉಳಿದದ್ದು ಸಾಲು ಹಿಡಿದೇ ಉಳಿಯಬೇಕು. ಇದನ್ನೆಲ್ಲ ವಿವರಿಸಿದೆ. ಈಗ ಯೋಚಿಸಿದರೂ ಆ ವಾದದಲ್ಲಿ ಬಿರುಕಿಲ್ಲ. ಸುಳ್ಳಾಗಿತ್ತು, ಅಷ್ಟೆ.

"ಮತ್ತ ಬಿತ್ತಿದ ಕರಿ ಭತ್ತ ಎಲ್ಲಿಗಿ ಹೋತು?" ಎಂದು ಇನ್ನೊಬ್ಬಳು.

"ಕಾಡಭತ್ತ ಅದನ್ನ ತುಳದು ಹಾಕೈತಿ."

"ಒಂದೂ ಬಿಡದಂಗ?"

"ಅದ ನೋಡ್ರಿ ಅದರ ದುಷ್ಟತನ!"

ವಾದ ಸಾಗಿತು. ಮೋಡ ಬಂತು, ಹನಿಯಿತು, ಹೋಯಿತು. ಅವರಿಗೂ ಖಚಿತವಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಕರಿ ಭತ್ತವನ್ನು ಅವರಲ್ಲಿ ಯಾರೂ ಮೊದಲು ಕಂಡಿರಲಿಲ್ಲ. ಸರ್ಕಾರಿ ಬೀಜ, ಅದರ ನಡೆನುಡಿ ಹೇಗೋ ಏನೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಬ್ಬಳು ಗಿಡ ಕಿತ್ತು ಬುಡ ಮೂಸಿದಳು. ಇನ್ನೊಬ್ಬಳು ಎಲೆ ಅಗಿದು ಉಗುಳಿದಳು. ಯಾವ ತೀರ್ಪೂ ಬರಲಿಲ್ಲ. ನಾನು ನಾಲ್ಕನೆಯ ಅಂಶಕ್ಕೆ ಬರುತ್ತಿದ್ದಂತೆ ಫಕ್ಕೀರವ್ವ ಸೆರಗು ಸಿಕ್ಕಿಸಿದಳು.

"ಏ, ಕೀಳ್ರೆವ್ವಾ ಕೀಳ್ರಿ. ಇವನ ಮಾತ ಕೇಳೋದಕ್ಕಿಂತಾ ಕೀಳೋದ ಹಗರ ಐತಿ!"

ಗೆದ್ದೆ!

ಸಂಜೆಯೊಳಗೆ ದಾರಿಯ ಕಡೆಯ ಹೊಲ ಬೋಳಿಸಿದ ತಲೆಯಂತಾಯಿತು. ಕಿತ್ತದ್ದನ್ನು ಬೇರು ಮೇಲಾಗಿ ಬದುವಿಗೆ ಒಟ್ಟಿಸಿದೆ. ಮತ್ತೆ ಬೇರೂರಬಾರದಲ್ಲ! ಅರ್ಧ ಹೊರೆಯನ್ನು ನಮ್ಮ ಎಮ್ಮೆಗಳಿಗೂ ಹಾಕಿಸಿದೆ. ಎಮ್ಮೆಗಳು ಎಂದೂ ಇಲ್ಲದ ಶ್ರದ್ಧೆಯಿಂದ ತಿಂದವು. ಅವುಗಳ ಆ ಶ್ರದ್ಧೆ ನೋಡಿಯಾದರೂ ನನಗೆ ಸಂಶಯ ಬರಬೇಕಿತ್ತು. ಜಗತ್ತಿನ ಎಲ್ಲದರ ಮೇಲೂ ಬರುವ ಸಂಶಯ ಅಂದು ರಜೆಯ ಮೇಲಿತ್ತು.

ಅಪ್ಪ ಎಲೆಯ ಕಟ್ಟು, ಖಾರದ ಪೊಟ್ಟಣ ಹಿಡಿದು, ದಾರಿಯಲ್ಲಿ ಹೊಲ ನೋಡಿಯೇ ಮನೆಗೆ ಬಂದರು. ಕಟ್ಟೆಯ ಮೇಲೆ ಕುಳಿತರು.

"ದಾರಿ ಕಡಿ ಭತ್ತ ಎಲ್ಲಿ?"

"ಭತ್ತ ಅಲ್ಲಪ್ಪ, ಕಾಡಭತ್ತ. ತಗಸಿದೆ."

"ಅದು ನಮ್ಮ ಮನಿ ಬೀಜ ಇತ್ತಲೇ ಮಬ್ಬ ನನ ಮಗನ!"

ನಡೆದದ್ದಿಷ್ಟು. ನನ್ನ ಮಾತು ಖರೆ ಎಂದಿದ್ದ ಅವ್ವ, ನಾನು ಧಾರವಾಡದ ಮೋಟಾರು ಹತ್ತಿದ ಮೇಲೆ ತನಗೆ ಸರಿ ಕಂಡದ್ದನ್ನೇ ಮಾಡಿದ್ದಳು. ದಾರಿಹೋಕರ ಕಣ್ಣಿಗೆ ಕರಿ ಬೆಳೆ ಬೀಳಬಾರದೆಂದು ಆ ಕಡೆಗೆ ಮನೆಯ ಹಳೆಯ ಭತ್ತವನ್ನು ಹಾಕಿಸಿ, ನನ್ನ ಬೀಜವನ್ನು ಹಳ್ಳದ ಕಡೆಗೆ ಅಡಗಿಸಿದ್ದಳು. ಕೂರಿಗೆ ಹಿಡಿದವರು ಅಪ್ಪನೇ.

"ಮೊದಲ ಯಾಕ ಹೇಳಲಿಲ್ಲ?" ಎಂದೆ.

"ನಿನಗ ಹೇಳಿದ್ರ ನೀ ಉತ್ತರ ಹೇಳತಿದ್ದಿ" ಎಂದರು ಅಪ್ಪ. ಸಿಟ್ಟಿನಿಂದಲ್ಲ, ದಣಿವಿನಿಂದ. "ನಿನ್ನ ಉತ್ತರಾ ಕೇಳೋ ಶಕ್ತಿ ನಮ್ಮಲ್ಲಿ ಇಲ್ಲಪಾ. ಅದಕ್ಕ ಹೂಂ ಅಂತೇವಿ. ಹೂಂ ಅಂದು ನಮ್ಮ ಕೆಲಸಾ ನಾವು ಮಾಡ್ಕೋತೇವಿ."

ನನ್ನ ಇದುವರೆಗಿನ ಗೆಲುವುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಚರ್ಚಾಕೂಟದ ತೀರ್ಪುಗಾರರು ಗಡಿಯಾರ ನೋಡುತ್ತಿದ್ದುದು ನೆನಪಾಯಿತು. ಮುಂದಿನದನ್ನು ನಾನು ನೆನಪಿಸಿಕೊಳ್ಳಲಿಲ್ಲ.

ಮರುದಿನ ನಸುಕಿನಲ್ಲೇ ಹೊಲಕ್ಕೆ ಓಡಿದೆ. ಬದುವಿನ ರಾಶಿಯಿಂದ ಪೈರನ್ನೆತ್ತಿ ಮತ್ತೆ ಕೆಸರಿಗೆ ನಾಟತೊಡಗಿದೆ. ಬೇರು ಮೇಲಾಗಿ ಒಣಗಿದ ಪೈರು ನಿಂತಂತೆ ಮಾಡಿ, ನಾನು ಬೆನ್ನು ತಿರುಗಿಸಿದೊಡನೆ ಮಲಗುತ್ತಿತ್ತು. ಎಬ್ಬಿಸಿದೆ. ಮಲಗಿತು. ಕೊನೆಗೆ ತೊಗರಿ ಕಡ್ಡಿ ಕೊಟ್ಟು ಕಟ್ಟಿದೆ. ಹೊಲವೆಂಬುದು ಸಣ್ಣ ಸಣ್ಣ ರೋಗಿಗಳು ಊರುಗೋಲು ಹಿಡಿದ ದವಾಖಾನೆಯಂತೆ ಕಂಡಿತು. ಮಧ್ಯಾಹ್ನ ಬಂದ ಮಳೆ ರೋಗಿಗಳನ್ನೂ ಊರುಗೋಲನ್ನೂ ಒಟ್ಟಿಗೇ ಹಳ್ಳಕ್ಕೆ ಸಾಗಿಸಿತು.

ಇಷ್ಟಕ್ಕೆ ಮುಗಿಯಿತೇ? ಫಕ್ಕೀರವ್ವ ಅಂಗಳಕ್ಕೆ ಬಂದಳು.

"ನಾಳಿಂದ ನಿಂಗಪ್ಪಗ ಕಳಿ. ನಿಮ್ಮ ಮನಿ ಆಳು ಯಾರು ಬರ್ತಾರ?"

ಅಪ್ಪ ನನ್ನ ಮುಖ ನೋಡಿದರು. ಅವ್ವ ಶಿಗ್ಗಾಂವಿಯಲ್ಲಿ ಬಾಣಂತಿಯ ಆರೈಕೆಯಲ್ಲಿದ್ದಳು. ಅಕ್ಕನೇ ಬಾಣಂತಿ. ಅಪ್ಪ ಕುಕ್ಕರುಗಾಲಲ್ಲಿ ಕುಳಿತರೆ ಏಳಿಸಲು ಮತ್ತಿಬ್ಬರು ಬೇಕು.

"ಕಳಿ ತಗಿಯೋದು ಹೆಣ್ಣಮಕ್ಕಳ ಕೆಲಸ ಅಲ್ಲೇನ ಅತ್ತಿ?" ಎಂದೆ ಕ್ಷೀಣವಾಗಿ.

"ಹೌದು. ಭತ್ತ ಕೀಳಸೋದು ಗಂಡಸರ ಕೆಲಸ! ಆಳಿಗೆ ಆಳು ತಮ್ಮಾ. ಮೀಸಿ ಇದ್ರೂ ನಡಿತೈತಿ. ಬಾ."

ಅವ್ವನ ಗೋಣಿ ಕೊಪ್ಪೆ ತಲೆಗೇರಿಸಿ, ಅವ್ವನ ಕುರ್ಚಿಗಿ ಹಿಡಿದು, ಧೋತರವನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ನೆರೆಯ ನಿಂಗಪ್ಪಕಾಕಾನ ಹೊಲದಲ್ಲಿ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತೆ. ಬಿ.ಎ., ಪ್ರಥಮ ದರ್ಜೆ!

ಕಳೆ ತೆಗೆಯುವುದನ್ನು ದೂರದಿಂದ ನೋಡಿದವರಿಗೆ ಅದು ಕುಳಿತು ಮಾಡುವ ಕೆಲಸವೆಂಬ ಭ್ರಮೆ ಇರುತ್ತದೆ. ಅಲ್ಲಿ ಯಾರೂ ಕುಳಿತಿರುವುದಿಲ್ಲ. ಕುಳಿತುಕೊಳ್ಳುವ ಮೊದಲೇ ತಡೆದು ನಿಲ್ಲಿಸಿದಂಥ ಒಂದು ಭಂಗಿ ಅದು. ಆ ಭಂಗಿಯಲ್ಲೇ ಕಪ್ಪೆಯಂತೆ ಮುಂದೆ ಸರಿಯಬೇಕು. ಸಾಲಿನವರೆಲ್ಲ ಮುಂದೆ ಹೋದರು. ನಾನೊಬ್ಬನೇ ಹಿಂದೆ ಉಳಿದೆ. "ತಮ್ಮಾ, ಅಲ್ಲೇ ಬೇರ ಬಿಟ್ಟೇನೋ?" ಎಂದು ದ್ಯಾಮವ್ವ ಕೂಗಿದಳು. ಎಲ್ಲರೂ ನಕ್ಕರು. ಬೆನ್ನುಹುರಿ ಬೆಂದ ನೂಲಿನಂತಾಗಿತ್ತು, ನಗುವವರ ಮೇಲೆ ಸಿಟ್ಟು ಮಾಡಲೂ ಬೆನ್ನು ನೇರವಾಗಬೇಕಲ್ಲ.

ಅದೇ ಹೊತ್ತಿಗೆ ದಾರಿಯಲ್ಲಿ ಚಕ್ಕಡಿ ನಿಂತಿತು. ಕೆಂಪು ರುಮಾಲಿನ ಒಬ್ಬ ದೊಡ್ಡ ಆಳು ಇಳಿದು, ಬದುವಿನ ಮೇಲೆ ನಡೆದು ನೇರವಾಗಿ ನನ್ನ ಬೆನ್ನ ಹಿಂದೆ ಬಂದು ನಿಂತರು. ಸೋಮವಾರದ ಆಸುಪಾಸೆಂದವರು ಶನಿವಾರವೇ ಬಂದಿದ್ದರು!

"ಏನಬೇ ತಂಗಿ, ಕಾಲೇಜ ಕಲ್ತ ಹುಡುಗ ಅದಾನಲ್ಲಾ, ಶಂಕ್ರಪ್ಪ ಅಂತ, ಅವರ ಹೊಲ ಯಾವದು?"

ತಂಗಿ! ಕೊಪ್ಪೆಯೊಳಗೆ ನನ್ನ ಮೀಸೆ ನಡುಗಿತು. ಆಚೆಗೆ ನಮ್ಮ ಹೊಲದ ದಾರಿಯ ಕಡೆಯ ಅರ್ಧ ಬೋಳುಬೋಳಾಗಿ ಬಿದ್ದಿತ್ತು. ಎದುರಿಗೆ ನಿಂಗಪ್ಪಕಾಕಾನ ಹೊಲ ಕಸವಿಲ್ಲದೆ ಬಾಚಿದ ತಲೆಯಂತೆ ಹೊಳೆಯುತ್ತಿತ್ತು. ಸತ್ಯವೆಂದರೇನು ಎಂಬ ವಿಷಯದ ಮೇಲೆ ನಾನು ಪ್ರಶಸ್ತಿ ಪಡೆದವನು. ತಲೆಯೆತ್ತದೆ, ಆದಷ್ಟು ಸಣ್ಣ ದನಿ ಮಾಡಿ ಹೇಳಿದೆ:

"ಇದರಿ ಯಪ್ಪಾ... ಇದ ಹೊಲ."

ಚೆನ್ನಬಸಪ್ಪನವರು ಸುತ್ತಲೂ ನೋಡಿದರು. "ಭೇಷ್!" ಎಂದರು. "ಕಾಲೇಜ ಹುಡುಗನ ಹೊಲಾ ಅಂದ್ರ ನಾ ಬ್ಯಾರೇನ ತಿಳದಿದ್ದೆ. ಒಂದ ಕಡ್ಡಿ ಕಸ ಇಲ್ಲ!" ನನ್ನ ಕಿವಿಗೆ ವಾಲಗ ಕೇಳಿದಂತಾಯಿತು. ಇನ್ನೆರಡು ಮಾತಾಡಿ ಚಕ್ಕಡಿ ಹತ್ತಿಬಿಟ್ಟರೆ ನಾನು ಉಳಿದೆ. ಗಿರಿಜೆ ನಮ್ಮ ಮನೆ ತುಂಬುತ್ತಾಳೆ. ನಡೆದದ್ದನ್ನು ಮೊಮ್ಮಕ್ಕಳಾದ ಮೇಲೆ ನಿಧಾನವಾಗಿ ತಿಳಿಸಬಹುದು.

ಆಗ ನಿಂಗಪ್ಪಕಾಕಾ ಬದುವಿನಾಚೆಯಿಂದ ನೀರು ಕಟ್ಟುವುದನ್ನು ಬಿಟ್ಟು ಬಂದ. "ಯಾರ್ರಿ ಯಜಮಾನರ? ಇದು ನನ್ನ ಹೊಲಾರಿ. ಶಂಕ್ರಪ್ಪನ ಹೊಲ ಅಲ್ಲೈತಿ ನೋಡ್ರಿ, ಆ ಬಯಲ ಕಾಣತೈತಲ್ಲ, ಅದು."

"ಮತ್ತ ಈ ಹೆಣ್ಣಮಗಳು ಹಿಂಗ್ಯಾಕಂದ್ಲು?"

ಸಾಲಿನ ಕಡೆಯಿಂದ ಒಂದು ನಗು ಚಿಮ್ಮಿತು, ಆಮೇಲೆ ಎಲ್ಲ ನಗೆಗಳೂ ಚಿಮ್ಮಿದವು. ಫಕ್ಕೀರವ್ವ ಕುರ್ಚಿಗಿಯಿಂದ ನನ್ನ ಕೊಪ್ಪೆಯ ತುದಿಯನ್ನು ಮೇಲಕ್ಕೆತ್ತಿದಳು.

"ಹೆಣ್ಣಮಗಳಲ್ಲರಿ ಯಜಮಾನರ, ವರಾ!"

ನಾನು ಎದ್ದುನಿಲ್ಲಲು ಪ್ರಯತ್ನಿಸಿದೆ. ಸೊಂಟ ಒಪ್ಪಲಿಲ್ಲ. ಆದ್ದರಿಂದ ಬಗ್ಗಿದ ಭಂಗಿಯಲ್ಲೇ ನಮಸ್ಕಾರ ಮಾಡಿ, ಬಗ್ಗಿದ ಭಂಗಿಯಲ್ಲೇ ನನ್ನ ಪಕ್ಷವನ್ನು ಮಂಡಿಸಿದೆ. ನಿಮ್ಮ ಪ್ರಶ್ನೆ "ಅವರ ಹೊಲ ಯಾವುದು" ಎಂದಿತ್ತು, ಮುಯ್ಯಾಳಿನಲ್ಲಿ ದುಡಿಯುವಷ್ಟು ಹೊತ್ತು ಆ ಹೊಲ ದುಡಿಯುವವನದೇ ಎಂಬ ಒಂದು ಅರ್ಥವಿದೆ ಎಂದೆ. ನಮ್ಮ ಹೊಲದಲ್ಲಿ ಒಂದೂ ಕಳೆ ಇಲ್ಲವೆಂಬುದನ್ನು ತಾವು ಬೇಕಾದರೆ ಹೋಗಿ ಪರೀಕ್ಷಿಸಬಹುದೆಂದೂ ಹೇಳಿದೆ. ಇದಂತೂ ಅಕ್ಷರಶಃ ನಿಜ! ಅವರು ಹೋಗಿ ಪರೀಕ್ಷಿಸಿದರು. ಬದುವಿನ ಮೇಲೆ ಒಣಗಿದ ಭತ್ತದ ರಾಶಿಯನ್ನು ಕೋಲಿನಿಂದ ಕೆದಕಿದರು. ತಿರುಗಿ ಬಂದು ಬಹಳ ಮೃದುವಾಗಿ ಹೇಳಿದರು:

"ಹೌದು ತಮ್ಮಾ. ಕಳಿ ಏನೂ ಇಲ್ಲ. ನಿನ್ನ ಮಾತ ಖರೆ."

ಮನೆಗೆ ಬಂದು ಸವಣೂರಿನ ಖಾರಾ ತಿಂದರು, ಎಲೆ ಹಾಕಿದರು, ಅಪ್ಪನೊಡನೆ ಮಳೆಯ ಬಗ್ಗೆ, ಹತ್ತಿಯ ಬಗ್ಗೆ ಮಾತಾಡಿದರು. ಮದುವೆಯ ಮಾತು ಬರಲಿಲ್ಲ. ಚಕ್ಕಡಿ ಹತ್ತುವ ಮುನ್ನ ಮಾತ್ರ, ಎಲೆಯ ಕೆಂಪನ್ನು ಬದಿಗೆ ಉಗುಳಿ, ಸಹಜವಾಗಿ ಕೇಳಿದರು: "ಅಲ್ಲಾ, ಆ ನಿಂಗಪ್ಪಗ ಗಂಡಮಕ್ಕಳು ಅದಾರೇನ್ರಿ?"

ಇದ್ದ. ಈರಪ್ಪನಿದ್ದ. ಎಂಟು ದಿನಕ್ಕೆ ಎಂಟು ಮಾತು ಕೂಡಿಸಿ ಆಡಿದವನಲ್ಲ. ಹೊಲ ಮಾತ್ರ ಚೊಕ್ಕಟ ಇಟ್ಟಿದ್ದ.

ಬೇಸಿಗೆಯಲ್ಲಿ ಮದುವೆಯಾಯಿತು. ನೆರೆಯವನೆಂದು ನನಗೆ ಚಪ್ಪರದ ಕೆಲಸ ಹಚ್ಚಿದ್ದರು. ಊಟಕ್ಕೆ ಹೋಳಿಗೆ ಮಾಡಿದ್ದರು. ಬಡಿಸಿದವನು ಯಾರೋ ಗಡ್ಡದ ಮುದುಕ. ಸಾಕೆಂದೆ, ಸಾಕು ಮಾಡಿದ.

ಈ ವರ್ಷವೂ ಮಳೆ ಬಂತು, ಕಳೆ ಬಂತು. ಮುಯ್ಯಾಳಿನಲ್ಲಿ ನಿಂಗಪ್ಪಕಾಕಾನ ಮನೆಯಿಂದ ನಮ್ಮ ಹೊಲಕ್ಕೆ ಹೊಸ ಸೊಸೆ ಬಂದಿದ್ದಳು. ಅವ್ವ ನನ್ನನ್ನು ಬದುವಿನ ಮೇಲೆ ನಿಲ್ಲಲು ಬಿಡುವುದಿಲ್ಲ. ಬಾಯಿ ಕೆಳಗಿದ್ದರೆ ಭತ್ತಕ್ಕೆ ಕ್ಷೇಮವೆಂದು ಸಾಲಿನಲ್ಲೇ ಕೂರಿಸುತ್ತಾಳೆ. ಪಕ್ಕದ ಸಾಲು ಗಿರಿಜೆಯದಾಗಿತ್ತು. ಊರಿನ ರೂಢಿಯಂತೆ ನಾನು ಅವಳನ್ನು ವೈನಿ, ಎಂದರೆ ಅತ್ತಿಗೆ, ಎನ್ನಬೇಕು. ಅನ್ನುತ್ತಿದ್ದೇನೆ.

ಸ್ವಲ್ಪ ಹೊತ್ತು ಕಳೆದ ಮೇಲೆ ಅವಳೇ ಮಾತು ತೆಗೆದಳು.

"ನಮ್ಮಪ್ಪ ಮೊದಲ ಈ ಊರಾಗ ಬ್ಯಾರೆ ಯಾರದೋ ಹೊಲಾ ನೋಡಾಕ ಬಂದಿದ್ರಂತ್ರಿ. ಆ ಹುಡುಗ ಕೊಪ್ಪಿ ಹಾಕ್ಕೊಂಡು ಹೆಣ್ಣಮಕ್ಕಳ ಸಾಲಿನ್ಯಾಗ ಕುಂತಿದ್ನಂತ. ನಮ್ಮ ಮನ್ಯಾಗ ಕೇಳಿದ್ರ ಇವರು ಬಾಯಿ ಬಿಡಾಂಗಿಲ್ಲ. ಯಾರ್ರಿ ಅವ?"

ಆಚೆಯ ಸಾಲಿನಲ್ಲಿ ಫಕ್ಕೀರವ್ವನಿಗೆ ಜೋರಾಗಿ ಕೆಮ್ಮು ಬಂತು.

"ಪರಊರಾವ ಇರಬೇಕ್ರಿ ವೈನಿ" ಎಂದೆ.

"ಪಾಪ. ಕಳಿ ತಗಿಯಾಕರ ಬರತಿತ್ತೇನ್ರಿ ಅವಂಗ?"

ನಾನು ನನ್ನ ಸಾಲನ್ನು ನೋಡಿದೆ. ಅವಳ ಸಾಲನ್ನು ನೋಡಿದೆ. ಅವಳು ಒಂದು ಮಾರು ಮುಂದಿದ್ದಳು. ಸಾಕ್ಷಿಗಳನ್ನೆಲ್ಲ ತೂಗಿ, ಪಕ್ಷಪಾತವಿಲ್ಲದೆ ಹೇಳಿದೆ:

"ಇಲ್ಲರಿ. ಅದೂ ಬರತಿರಲಿಲ್ಲ."